ಪಿಂಗ್ ಬಂತು, ಬಾಕ್ಸ್ ಸಿಗಲಿಲ್ಲ

ವೈಟ್‌ಫೀಲ್ಡ್‌ನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಒಂದು ಸರ್ವರ್ ರೂಮಿಗೆ ಹೋಗಿ ನೋಡಿ. ರ‍್ಯಾಕ್‌ನ ತಳದಲ್ಲಿ ಎರಡಾಳು ಸೇರಿ ಎತ್ತಬೇಕಾದಷ್ಟು ಭಾರದ ಒಂದು ಪೆಟ್ಟಿಗೆ ಇರುತ್ತದೆ. ಎದುರಿಗೆ 12 ಅಥವಾ 24 ಡಿಸ್ಕ್‌ಗಳ ಸಾಲು. ಇದೇ ಸ್ಟೋರೇಜ್ ಅರೇ. ಕೆಲಸದವರ ಬಾಯಲ್ಲಿ ಬರೀ ‘ಬಾಕ್ಸ್’.

ಇದರ ತಲೆ ಇರುವುದು ಬೆನ್ನಲ್ಲಿ. ಅಲ್ಲಿ ಸಾಮಾನ್ಯವಾಗಿ ಎರಡು ಕಂಟ್ರೋಲರ್‌ಗಳಿರುತ್ತವೆ. ಒಂದೊಂದೂ ಪುಟ್ಟ ಕಂಪ್ಯೂಟರ್. ಒಂದು ಕೈಕೊಟ್ಟರೆ ಇನ್ನೊಂದು ಹೊರೆ ಹೊರುತ್ತದೆ. ಡೇಟಾ ಓಡಾಡುವುದು ಫೈಬರ್ ಚಾನೆಲ್, ಸ್ಯಾಸ್, ಐಸ್ಕಸಿ ಅನ್ನುವ ದಪ್ಪ ದಾರಿಗಳಲ್ಲಿ. ಪಕ್ಕದಲ್ಲೇ ಮಾಮೂಲಿ ನೆಟ್‌ವರ್ಕ್ ಕೇಬಲ್ ಹೋಗುವ ಒಂದು ಪೋರ್ಟ್ ಇರುತ್ತದೆ. ಅದು ಮ್ಯಾನೇಜ್‌ಮೆಂಟ್ ಪೋರ್ಟ್, ಅಂದರೆ ಮನೆಯ ಹಿತ್ತಿಲ ಬಾಗಿಲು. ಡೇಟಾಕ್ಕೂ ಅದಕ್ಕೂ ಸಂಬಂಧವಿಲ್ಲ. ಡಿಸ್ಕ್ ಹೇಗಿದೆ, ಜಾಗ ಎಷ್ಟಿದೆ, ಯಾವ ಸರ್ವರ್‌ಗೆ ಎಷ್ಟು ಕೊಡಬೇಕು ಎಂದು ನೋಡಿಕೊಳ್ಳುವವರು ಒಳಗೆ ಬರುವುದು ಇಲ್ಲಿಂದ.

ಹಾಗಾಗಿ ‘ಸ್ಟೋರೇಜ್ ಕನೆಕ್ಟ್ ಆಗ್ತಿಲ್ಲ’ ಎಂದು ಯಾರಾದರೂ ಫೋನ್ ಮಾಡಿದರೆ, ಅನುಭವಸ್ಥರು ಮೊದಲು ಕೇಳುವುದು ‘ಡೇಟಾ ಹೋಗ್ತಿದೆಯಾ?’ ಎಂದು. ಬಹಳ ಸಲ ಹೋಗುತ್ತಲೇ ಇರುತ್ತದೆ. ಬಳಕೆದಾರರಿಗೆ ಏನೂ ಗೊತ್ತಾಗಿರುವುದಿಲ್ಲ. ಹಾಗೆಂದು ಸುಮ್ನೆ ಬಿಡುವಂತೆಯೂ ಇಲ್ಲ. ಹಲವು ಡಿಸ್ಕ್‌ಗಳನ್ನು ಒಂದಾಗಿ ಸೇರಿಸುವ ರೇಡ್ 5 ಜೋಡಣೆ ಒಂದು ಡಿಸ್ಕ್ ಸತ್ತರೆ ತಡೆದುಕೊಳ್ಳುತ್ತದೆ. ಎರಡನೆಯದೂ ಸತ್ತರೆ ಡೇಟಾ ಹೋಯಿತು. ಮೊದಲನೆಯದು ಸತ್ತಾಗ ಎಚ್ಚರಿಸುವ ಮೇಲ್ ಹೊರಡಬೇಕಾದದ್ದು ಇದೇ ಪೋರ್ಟಿನಿಂದ. ಪೋರ್ಟ್ ಮೂಕವಾಗಿದ್ದರೆ ಯಾರಿಗೂ ಸುದ್ದಿಯೇ ಬರುವುದಿಲ್ಲ.

ಹುಡುಕಾಟ ಕೆಳಗಿನಿಂದ ಶುರುವಾಗಬೇಕು. ಪೋರ್ಟಿನ ಪಕ್ಕದ ಲಿಂಕ್ ಲೈಟ್ ಉರಿಯುತ್ತಿದೆಯಾ? ಇಲ್ಲದಿದ್ದರೆ ಕೇಬಲ್ ಬದಲಿಸಿ, ಕೇಬಲ್‌ಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್‌ನಲ್ಲಿ ಬೇರೆ ಪೋರ್ಟಿಗೆ ಹಾಕಿ ನೋಡಿ. ಚುಚ್ಚಿದ ತಕ್ಷಣ ಉತ್ತರ ಬರಲಿಲ್ಲ ಎಂದು ಕಿತ್ತುಬಿಡಬೇಡಿ. ನೆಟ್‌ವರ್ಕ್‌ನಲ್ಲಿ ಡೇಟಾ ಸುತ್ತಿದಲ್ಲೇ ಸುತ್ತುತ್ತಾ ಇರದಂತೆ ಕಾಯುವ ಹಳೆಯ ಸ್ಪ್ಯಾನಿಂಗ್ ಟ್ರೀ ಪದ್ಧತಿ ಇರುವ ಸ್ವಿಚ್, ಹೊಸ ಕೇಬಲ್ ಕಂಡರೆ ಎರಡು ಹಂತದಲ್ಲಿ 15 ಸೆಕೆಂಡ್ ಮತ್ತೆ 15 ಸೆಕೆಂಡ್ ಕಾದು ನೋಡುತ್ತದೆ. ಈ ಅರ್ಧ ನಿಮಿಷ ಕಾಯದೆ ಕೇಬಲ್ ಕೆಟ್ಟಿದೆ ಎಂದು ಎಲೆಕ್ಟ್ರಾನಿಕ್ ಸಾಮಾನಿನ ಎಸ್.ಪಿ. ರೋಡಿಗೆ ಹೊರಟವರಿದ್ದಾರೆ!

ಲೈಟ್ ಉರಿದರೆ ಮುಂದಿನದು ವಿಳಾಸ. ಹೊಸ ಬಾಕ್ಸ್ ಕಾರ್ಖಾನೆಯಿಂದಲೇ ಒಂದು ಐಪಿ ವಿಳಾಸ ಹೊತ್ತು ಬರುತ್ತದೆ. ಎಚ್‌ಪಿಯ ಎಂಎಸ್ಎ ಸಾಲಿನ ಅನೇಕ ಮಾದರಿಗಳಲ್ಲಿ ಅದು 10.0.0.2 ಮತ್ತು 10.0.0.3. ನೆಟ್ಆಪ್ ಇ-ಸೀರೀಸ್‌ನ ಬಹಳಷ್ಟು ಮಾದರಿಗಳಲ್ಲಿ 192.168.128.101 ಮತ್ತು 102. ಒಂದೊಂದು ಕಂಟ್ರೋಲರ್‌ಗೆ ಒಂದೊಂದು. ನಿಮ್ಮ ಲ್ಯಾಪ್‌ಟಾಪ್ ನೇರವಾಗಿ ಕೇಬಲ್ ಹಾಕಿಕೊಂಡು 169.254ರಿಂದ ಶುರುವಾಗುವ ವಿಳಾಸ ತೋರಿಸುತ್ತಿದೆಯಾ? ಅಂದರೆ ಅದಕ್ಕೆ ವಿಳಾಸ ಹಂಚುವವರು ಯಾರೂ ಸಿಗದೆ ತಾನೇ ಒಂದು ಹಾಕಿಕೊಂಡಿದೆ. ಬಾಕ್ಸ್‌ನ ವಿಳಾಸದ ಬಳಗದ್ದೇ ಒಂದನ್ನು, ಇ-ಸೀರೀಸ್ ಆದರೆ 192.168.128.50 ತರಹದ್ದನ್ನು, ನೀವೇ ಕೊಡಬೇಕು, ಜೊತೆಗೆ ಬಳಗದ ಗಡಿ ಹೇಳುವ ಮಾಸ್ಕ್ 255.255.255.0. ವೈಫೈ ಆರಿಸುವುದು ಮರೆಯಬೇಡಿ. 10, 172.16, 192.168ರ ಖಾಸಗಿ ವಿಳಾಸಗಳನ್ನು 1996ರ ನಿಯಮದ ಪ್ರಕಾರ ಯಾರು ಬೇಕಾದರೂ ಬಳಸಬಹುದು. ನಿಮ್ಮ ಆಫೀಸಿನ ವೈಫೈ ಕೂಡ 10.0.0 ಬಳಗದ್ದೇ ಆಗಿದ್ದರೆ ಲ್ಯಾಪ್‌ಟಾಪ್ ಬಾಕ್ಸನ್ನು ಗಾಳಿಯಲ್ಲಿ ಹುಡುಕುತ್ತಾ ಕೂರುತ್ತದೆ.

ನನಗೆ ತುಂಬಾ ಇಷ್ಟವಾದ ತೊಡಕು ಇದರ ಮುಂದಿನದು. ಪಿಂಗ್ ಮಾಡಿದರೆ, ಅಂದರೆ ಆ ವಿಳಾಸಕ್ಕೆ ‘ಇದ್ದೀಯಾ?’ ಎಂದು ಪುಟ್ಟ ಸಂದೇಶ ಕಳಿಸಿದರೆ, ಉತ್ತರ ಬರುತ್ತದೆ. ಬ್ರೌಸರ್‌ನಲ್ಲಿ ಅದೇ ವಿಳಾಸ ಹಾಕಿದರೆ ಯಾವುದೋ ಪ್ರಿಂಟರ್‌ನ ಪೇಜ್ ತೆರೆದುಕೊಳ್ಳುತ್ತದೆ, ಇಲ್ಲವೇ ಏನೂ ಬರುವುದಿಲ್ಲ. ಪಿಂಗ್ ಪ್ರೋಗ್ರಾಮನ್ನು 1983ರ ಡಿಸೆಂಬರ್‌ನಲ್ಲಿ ಬರೆದವರು ಅಮೆರಿಕದ ಮೈಕ್ ಮೂಸ್. ಅದು ಹೇಳುವುದು ಇಷ್ಟೇ, ಈ ವಿಳಾಸದಲ್ಲಿ ಯಾರೋ ಇದ್ದಾರೆ. ಯಾರು ಅಂತ ಹೇಳುವುದಿಲ್ಲ.

ಅದನ್ನು ಹೇಳುವುದು ಎಆರ್‌ಪಿ, 1982ರ ಪದ್ಧತಿ. ಒಂದು ಕೋಣೆಯ ಯಂತ್ರಗಳು ‘10.0.0.2 ಯಾರಪ್ಪಾ?’ ಎಂದು ಕೂಗುತ್ತವೆ. ‘ನಾನು’ ಎಂದವರ ಮ್ಯಾಕ್ ವಿಳಾಸವನ್ನು, ಅಂದರೆ ಕಾರ್ಖಾನೆಯಲ್ಲೇ ಪೋರ್ಟಿಗೆ ಕೊಟ್ಟ ಗುರುತಿನ ಸಂಖ್ಯೆಯನ್ನು, ಗುರುತು ಹಾಕಿಕೊಳ್ಳುತ್ತವೆ. ಇಬ್ಬರು ‘ನಾನು’ ಎಂದರೆ ಒಮ್ಮೆ ಇವರಿಗೆ, ಒಮ್ಮೆ ಅವರಿಗೆ ಪ್ಯಾಕೆಟ್ ಹೋಗುತ್ತದೆ. ಬೆಳಿಗ್ಗೆ ಬಂದ ಪೇಜ್ ಮಧ್ಯಾಹ್ನ ಬರುವುದಿಲ್ಲ. ಪತ್ತೆ ಮಾಡಲು ಲ್ಯಾಪ್‌ಟಾಪ್‌ನ ಎಆರ್‌ಪಿ ಪಟ್ಟಿ ತೆರೆದು, ಅಲ್ಲಿರುವ ಮ್ಯಾಕ್ ವಿಳಾಸವನ್ನು ಕಂಟ್ರೋಲರ್ ಮೇಲಿನ ಸ್ಟಿಕ್ಕರ್ ಜೊತೆ ಹೋಲಿಸಿ. ಮೊದಲ ಆರು ಅಕ್ಷರಗಳೇ ಸಾಮಾನ್ಯವಾಗಿ ಯಾವ ಕಂಪನಿಯ ಯಂತ್ರ ಎಂದು ಹೇಳಿಬಿಡುತ್ತವೆ. ಇನ್ನೂ ಸುಲಭದ ಪರೀಕ್ಷೆ ಬೇಕಾ? ಪಿಂಗ್ ಓಡುತ್ತಿರುವಾಗಲೇ ಬಾಕ್ಸ್‌ನ ಮ್ಯಾನೇಜ್‌ಮೆಂಟ್ ಕೇಬಲ್ ಕೀಳಿ. ಆಮೇಲೂ ಉತ್ತರ ಬರುತ್ತಿದ್ದರೆ ಮಾತಾಡುತ್ತಿರುವುದು ಬೇರೆಯವರು.

ರೂಮಿನೊಳಗೆ ಸಿಗುವ ಬಾಕ್ಸ್ ಮಾನ್ಯತಾ ಟೆಕ್ ಪಾರ್ಕಿನ ಆಫೀಸಿನಿಂದ ಸಿಗುತ್ತಿಲ್ಲ ಎಂದರೆ ಬಾಕ್ಸ್‌ನ ಗೇಟ್‌ವೇ, ಅಂದರೆ ಬೇರೆ ನೆಟ್‌ವರ್ಕ್‌ಗೆ ಹೋಗುವ ದಾರಿಯ ವಿಳಾಸ, ನೋಡಿ. ಅದು ತಪ್ಪಿದ್ದರೆ ನಿಮ್ಮ ಪ್ರಶ್ನೆ ಬಾಕ್ಸ್‌ಗೆ ತಲುಪುತ್ತದೆ, ಉತ್ತರಕ್ಕೆ ವಾಪಸ್ ಬರುವ ದಾರಿ ಗೊತ್ತಿರುವುದಿಲ್ಲ.

ಎಲ್ಲವೂ ಸರಿ ಇದ್ದು ಬ್ರೌಸರ್ ಮಾತ್ರ ಹಟ ಹಿಡಿಯುವುದೂ ಉಂಟು. ಹಳೆಯ ಬಾಕ್ಸ್‌ಗೆ ಗೊತ್ತಿರುವ ಗುಪ್ತಲಿಪಿ ಟಿಎಲ್‌ಎಸ್ 1.0 ಅಥವಾ 1.1. ಇವೆರಡನ್ನೂ 2021ರ ಮಾರ್ಚ್‌ನಲ್ಲಿ ಅಧಿಕೃತವಾಗಿ ಕೈಬಿಡಲಾಯಿತು. ಕೆಲವು ಪೇಜ್‌ಗಳು ಬ್ರೌಸರ್‌ಗೆ ಸೇರಿಸಿಕೊಳ್ಳುವ ಫ್ಲ್ಯಾಶ್ ತಂತ್ರಾಂಶ ಕೇಳುತ್ತವೆ, ಅದರ ಬೆಂಬಲ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಅದಕ್ಕೇ ಎಷ್ಟೋ ಆಫೀಸಿನ ಬೀರುವಿನಲ್ಲಿ ಒಂದು ಮುದಿ ಲ್ಯಾಪ್‌ಟಾಪ್ ಇರುತ್ತದೆ. ಬಾಕ್ಸ್‌ಗೆ ಬಿಟ್ಟು ಬೇರೆ ಯಾವುದಕ್ಕೂ ಜೋಡಿಸದಿದ್ದರೆ ನನ್ನ ತಕರಾರಿಲ್ಲ. ಬಾಕ್ಸ್‌ನೊಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರ್, ಹೊಸದು ಸಿಕ್ಕರೆ ಹಾಕುವುದೇ ಒಳ್ಳೆಯದು.

ನೆಟ್‌ವರ್ಕ್ ದಾರಿಯೇ ಮುಚ್ಚಿದ್ದರೆ ಉಳಿಯುವುದು ಸೀರಿಯಲ್ ಕನ್ಸೋಲ್, ಅಂದರೆ ಬಾಕ್ಸ್‌ಗೆ ನೇರವಾಗಿ ಕೇಬಲ್ ಹಾಕಿ ಆದೇಶ ಟೈಪ್ ಮಾಡುವ ಪೋರ್ಟ್. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸೀರಿಯಲ್ ಪೋರ್ಟ್ ಇಲ್ಲ, ಸಾಮಾನ್ಯವಾಗಿ ಯುಎಸ್‌ಬಿ ಕನ್ವರ್ಟರ್ ಬೇಕು. ಎಂಎಸ್ಎಗಳಲ್ಲಿ ವೇಗ 115200 ಇಡಬೇಕು. ವೇಗ ತಪ್ಪಿದರೆ ತೆರೆಯ ಮೇಲೆ ಕಸದಂಥ ಅಕ್ಷರಗಳು. ಸರಿಯಾದರೆ ಐಪಿ, ಮಾಸ್ಕ್, ಗೇಟ್‌ವೇ ಎಲ್ಲವನ್ನೂ ಅಲ್ಲೇ ಓದಿ ತಿದ್ದಬಹುದು. ಅಲ್ಲಿ ಒಂದು ಕಡೆ ಮಾತ್ರ ಬೆರಳು ಹುಷಾರು. ‘ರೀಸ್ಟಾರ್ಟ್ ಎಂಸಿ’ ಎಂದರೆ ಮ್ಯಾನೇಜ್‌ಮೆಂಟ್ ಭಾಗ ಮಾತ್ರ ಮತ್ತೆ ಶುರುವಾಗುತ್ತದೆ, ಡೇಟಾ ಓಡುತ್ತಲೇ ಇರುತ್ತದೆ. ‘ರೀಸ್ಟಾರ್ಟ್ ಎಸ್‌ಸಿ’ ಎಂದರೆ ಡೇಟಾ ಹೊರುವ ಕಂಟ್ರೋಲರೇ ಮಲಗಿ ಏಳುತ್ತದೆ. ಅಷ್ಟು ಹೊತ್ತು ಪೂರ್ತಿ ಭಾರ ಇನ್ನೊಂದರ ಮೇಲೆ, ಆ ಇನ್ನೊಂದು ಗಟ್ಟಿಯಾಗಿದೆಯೋ ಇಲ್ಲವೋ ನಿಮಗೆ ಆಗ ಗೊತ್ತಿರುವುದಿಲ್ಲ.

ಒಳಗೆ ಹೋದ ಮೇಲೆ ಪಾಸ್‌ವರ್ಡ್ ಬದಲಿಸುವ ಮುಂಚೆ ಈವೆಂಟ್ ಲಾಗ್ ತೆರೆಯಿರಿ. ಪೋರ್ಟ್ ಮೂಕವಾಗಿದ್ದ ದಿನಗಳಲ್ಲಿ ಯಾವ ಡಿಸ್ಕ್ ಸತ್ತಿದೆ, ಸ್ಪೇರ್ ಡಿಸ್ಕ್ ಅದರ ಜಾಗಕ್ಕೆ ಬಂದಿದೆಯಾ ಎಂಬುದು ಅಲ್ಲಿ ಬರೆದಿರುತ್ತದೆ.