ದಂಡದ ರಸೀದಿ ಯಾರ ಕೈಯಲ್ಲಿ? ಬೆಂಗಳೂರಿನ ಕಸದ ಕಾವಲಿನ ಹಿಂದಿನ ಕಥೆ

ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಪಕ್ಕ ಒಂದು ಬ್ಲಾಕ್ ಸ್ಪಾಟ್ ಇದೆ. ಬೆಳಗಾದರೆ ಕಸದ ರಾಶಿ ಬೀಳುವ ಜಾಗಕ್ಕೆ ಬೆಂಗಳೂರಿನಲ್ಲಿ ಇರುವ ಹೆಸರು ಅದು. ಅಲ್ಲಿ ಕಸ ಎಸೆದವರಿಗೆ ದಂಡ ಹಾಕಬೇಕಾದವರು ಯಾರು ಅಂತ ಕೇಳಿ ನೋಡಿ. ಒಬ್ಬರು ಹೆಲ್ತ್ ಇನ್ಸ್‌ಪೆಕ್ಟರ್ ಅಂತಾರೆ, ಇನ್ನೊಬ್ಬರು ಪಾಲಿಕೆಯ ಸಮವಸ್ತ್ರದ ಕಾವಲಿನವರಾದ ಮಾರ್ಷಲ್, ಮತ್ತೊಬ್ಬರು ಕಸದ ಕಂಪನಿ. ಮೂವರೂ ತಪ್ಪು ಹೇಳುತ್ತಿಲ್ಲ. ಅದೇ ತೊಡಕು.

1898ರ ಪ್ಲೇಗ್‌ನಿಂದ ಹಿಡಿದು 1976ರ ಪಾಲಿಕೆ ಕಾಯ್ದೆಯವರೆಗೆ ಊರಿನ ಕೊಳೆಯ ಲೆಕ್ಕ ನೋಡಿದ್ದು ಆರೋಗ್ಯ ವಿಭಾಗ. ಹೋಟೆಲ್ ಅಡುಗೆಮನೆ, ಮಾಂಸದ ಅಂಗಡಿ, ಚರಂಡಿ, ಸೊಳ್ಳೆ ಎಲ್ಲವನ್ನೂ ಒಬ್ಬನೇ ಇನ್ಸ್‌ಪೆಕ್ಟರ್ ನೋಡಬೇಕು. ಕಸ ಆ ಪಟ್ಟಿಯಲ್ಲಿ ಒಂದು ಸಾಲು ಅಷ್ಟೆ.

2000ದ ಸುಮಾರಿಗೆ ಮನೆ ಮನೆಯಿಂದ ಕಸ ಎತ್ತುವ ಪದ್ಧತಿ ಶುರುವಾಯಿತು. ಗಾಡಿ ಬಾಗಿಲಿಗೇ ಬರುವಾಗ ರಸ್ತೆಯಲ್ಲಿ ತೊಟ್ಟಿ ಯಾಕೆ ಅಂತ ತೊಟ್ಟಿಗಳನ್ನು ತೆಗೆದರು. ಯೋಚನೆ ಒಳ್ಳೆಯದೇ. ಆದರೆ ಗಾಡಿ ಬಾರದ ದಿನ ಕಸ ಎಲ್ಲಿಗೆ ಹೋಗಬೇಕು? ತೊಟ್ಟಿ ಇದ್ದ ಜಾಗಕ್ಕೇ ಹೋಯಿತು, ತೊಟ್ಟಿ ಮಾತ್ರ ಇರಲಿಲ್ಲ. ಬ್ಲಾಕ್ ಸ್ಪಾಟ್‌ಗಳಲ್ಲಿ ಎಷ್ಟೋ ಹುಟ್ಟಿದ್ದು ಹೀಗೆ.

ಊರ ಹೊರಗೆ ಇನ್ನೊಂದು ಕಥೆ ನಡೆಯುತ್ತಿತ್ತು. 2012ರಲ್ಲಿ ಮಾವಳ್ಳಿಪುರದ ಕಸದ ಗುಂಡಿ ಮುಚ್ಚಿತು. ಲಾರಿಗಳೆಲ್ಲ ಮಂಡೂರಿನ ಕಡೆ ತಿರುಗಿದವು. ಅಲ್ಲಿಯ ಜನ ವಾಸನೆ, ನೊಣ, ಕೆಟ್ಟ ನೀರು ಸಾಕಾಗಿ ಬೀದಿಗಿಳಿದರು. 2014ರ ಡಿಸೆಂಬರ್‌ನಿಂದ ಮಂಡೂರಿಗೂ ಲಾರಿ ನಿಂತಿತು. ಈ ನಡುವೆ, 2012ರ ಅಕ್ಟೋಬರ್‌ನಿಂದ ಮನೆಯಲ್ಲೇ ಕಸ ಬೇರೆ ಮಾಡುವುದು ಕಡ್ಡಾಯವಾಯಿತು. 2015ರ ಕೊನೆಗೆ ಹೈಕೋರ್ಟ್ ಎರಡು ಡಬ್ಬ, ಒಂದು ಚೀಲ ಅಂತ ಲೆಕ್ಕ ಕೊಟ್ಟಿತು. ಹಸಿ ಕಸಕ್ಕೆ ಹಸಿರು ಡಬ್ಬ, ಡೈಪರ್, ಪ್ಯಾಡ್‌ನಂಥದ್ದಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ. ಕಸ ಎಲ್ಲ ಗುಂಡಿಗೇ ಹೋಗುತ್ತಿದ್ದಾಗ ಯಾರೂ ಚೀಲ ಬಿಚ್ಚಿ ನೋಡುತ್ತಿರಲಿಲ್ಲ. ಈಗ ಬಾಗಿಲಲ್ಲೇ ನೋಡಬೇಕಾಯಿತು. ನೋಡುವವರು ಬೇಕಲ್ವಾ?

2016ರಲ್ಲಿ ಕೇಂದ್ರದ ಘನತ್ಯಾಜ್ಯ ನಿಯಮ ಬಂತು. ಸ್ಥಳದಲ್ಲೇ ದಂಡ ಹಾಕಲು ದಾರಿ ಮಾಡಿತು, ಒಂದು ವರ್ಷದೊಳಗೆ ಬೈಲಾ, ಅಂದರೆ ಪಾಲಿಕೆಯ ಸ್ವಂತ ನಿಯಮ, ಮಾಡಿಕೊಳ್ಳಿ ಎಂದೂ ಹೇಳಿತು. ಬೆಂಗಳೂರಿನ ಬೈಲಾ ಬಂದಿದ್ದು 2020ರಲ್ಲಿ. ಅಷ್ಟರಲ್ಲಿ ಮಾರ್ಷಲ್‌ಗಳು ಬೀದಿಗೆ ಬಂದಾಗಿತ್ತು.

2019ರಲ್ಲಿ ಕಸದ ಮೇಲೆ ಕಣ್ಣಿಡಲು ಅವರು ಬಂದರು. ಮಾಜಿ ಸೈನಿಕರೇ ಜಾಸ್ತಿ. ಆಗ ಇದ್ದ 198 ವಾರ್ಡ್‌ಗಳಿಗೆ ಹೆಚ್ಚುಕಡಿಮೆ ವಾರ್ಡಿಗೊಬ್ಬರು. ಸೇನೆಯ ಬಟ್ಟೆಯಂತೆ ಕಾಣುವ ಸಮವಸ್ತ್ರ ನೋಡಿ ಮೊದಮೊದಲು ಜನ ಹೆದರಿದ್ದು ನಿಜ. ಆಮೇಲೆ ಗೊತ್ತಾಯಿತು, ಇವರು ಪೊಲೀಸರಲ್ಲ. ದಂಡ ಕಟ್ಟಲ್ಲ ಅಂತ ಒಬ್ಬ ಗಾಡಿ ಸ್ಟಾರ್ಟ್ ಮಾಡಿದರೆ ಹಿಡಿದು ನಿಲ್ಲಿಸುವ ಅಧಿಕಾರ ಇಲ್ಲ. ಪೊಲೀಸರಿಗೆ ಫೋನ್ ಮಾಡಬೇಕು, ಅವರು ಬರುವಷ್ಟರಲ್ಲಿ ಗಾಡಿ ಸಿಗ್ನಲ್ ದಾಟಿರುತ್ತದೆ.

ಆರೇಳು ತಿಂಗಳಲ್ಲಿ ಕೊರೊನಾ ಬಂತು, ಕಸ ಬಿಟ್ಟು ಮಾಸ್ಕ್ ಹಿಡಿಯಿರಿ ಎಂದರು. 2020ರ ಅಕ್ಟೋಬರ್‌ನಲ್ಲಿ ನಗರಗಳಲ್ಲಿ ಮಾಸ್ಕ್ ದಂಡ 1,000 ರೂಪಾಯಿ ಆಯಿತು. ಜನ ಸಿಟ್ಟಾದ ಮೇಲೆ ಒಂದು ವಾರದೊಳಗೆ 250ಕ್ಕೆ ಇಳಿಯಿತು. ದರ ತೀರ್ಮಾನ ಮಾಡಿದವರು ಬೀದಿಯಲ್ಲಿರಲಿಲ್ಲ, ಬೈಗುಳ ತಿಂದವರು ಬೀದಿಯಲ್ಲಿದ್ದರು. ಮಾರ್ಷಲ್ ಅಂದರೆ ದುಡ್ಡು ಕೀಳುವವರು ಅನ್ನುವ ಹೆಸರು ಅಂಟಿದ್ದು ಆ ದಿನಗಳಲ್ಲೇ. ಕಸದ ಕೆಲಸಕ್ಕೆ ವಾಪಸ್ ಬಂದಾಗಲೂ ಅದು ಹೋಗಲಿಲ್ಲ.

ಅವರ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಒಂದು ವಿಷಯ ಗೊತ್ತು. ರಸೀದಿ ಹರಿಯುವುದು ಸುಲಭದ ಜಾಗದಲ್ಲಿ. ಪ್ಲಾಸ್ಟಿಕ್ ಕವರ್ ಇಟ್ಟುಕೊಂಡ ಸೊಪ್ಪಿನ ಗಾಡಿಯವಳು ಎಲ್ಲಿಗೂ ಓಡುವುದಿಲ್ಲ. ರಾತ್ರಿ ಎರಡು ಗಂಟೆಗೆ ಕೆರೆ ಅಂಚಿಗೆ ಕಟ್ಟಡದ ಅವಶೇಷ ಸುರಿಯುವ ಟೆಂಪೊ ನಿಲ್ಲುವುದಿಲ್ಲ. ಮತ್ತೆ ಮೂಲೆಯಲ್ಲಿ ಕಸ ಎಸೆಯುವವರಲ್ಲಿ ಎಲ್ಲರೂ ಸೋಮಾರಿಗಳಲ್ಲ. ಬೆಳಗ್ಗೆ ಏಳಕ್ಕೆ ಬಸ್ ಹಿಡಿಯುವ ಬಾಡಿಗೆ ಮನೆಯವರಿಗೆ ಒಂಬತ್ತಕ್ಕೆ ಬರುವ ಕಸದ ಗಾಡಿ, ಆಟೋ ಟಿಪ್ಪರ್, ಸಿಗುವುದಾದರೂ ಹೇಗೆ?

2021ರಲ್ಲಿ ಕಸಕ್ಕೆಂದೇ ಬೇರೆ ಕಂಪನಿ ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ಇಡೀ ಊರಿಗೆ ಇದ್ದ ಒಂದೇ ಪಾಲಿಕೆ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಮುಂದಿನ ತಿಂಗಳೇ ‘ಕಸ ಸುರಿಯುವ ಹಬ್ಬ’. ಕಂಪನಿಯವರು ಬೀದಿಯಲ್ಲಿ ಕಸ ಎಸೆದವರ ಮನೆ ಪತ್ತೆ ಮಾಡಿ, ಬಾಗಿಲ ಮುಂದೆ ಕಸ ಸುರಿದು, ದಂಡ ಹಾಕಿದರು. ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಇದು ಅವಮಾನ ಅಂದರು. ವಿಡಿಯೊ ಅಂತೂ ಎಲ್ಲರ ಫೋನಿಗೂ ಬಂತು.

ನಮ್ಮ ಟ್ರಾನ್ಸ್‌ಫಾರ್ಮರ್ ಮೂಲೆಯಲ್ಲಿ ರಂಗೋಲಿ ಹಾಕಿದ್ದಾಯಿತು, ಗೋಡೆಗೆ ದೇವರ ಟೈಲ್ಸ್ ಅಂಟಿಸಿದ್ದಾಯಿತು, ಕ್ಯಾಮೆರಾ ಇದೆ ಅನ್ನುವ ಬೋರ್ಡೂ ಬಂತು. ಹೋದ ವರ್ಷ ಮೂರು ವಾರ ರಾಶಿ ಅರ್ಧಕ್ಕೆ ಇಳಿದಿತ್ತು. ಯಾಕೆ ಅಂತ ವಿಚಾರಿಸಿದರೆ, ಹೊಸ ಡ್ರೈವರ್ ಆಟೋವನ್ನು ಆರೂವರೆಗೇ ತರುತ್ತಿದ್ದನಂತೆ. ಆಮೇಲೆ ಅವನಿಗೆ ಬೇರೆ ರೂಟ್ ಕೊಟ್ಟರು.