ಸ್ನಾನಕ್ಕಲ್ಲದ ಬಾತ್ ಸಾಲ್ಟ್

ಪೊಟ್ಟಣದ ಮೇಲೆ 'ಬಾತ್ ಸಾಲ್ಟ್' ಎಂದಿರುತ್ತದೆ. ಕೆಲವದರ ಮೇಲೆ 'ಗಿಡದ ಗೊಬ್ಬರ'. ಜೊತೆಗೆ ಸಣ್ಣಕ್ಷರದಲ್ಲಿ 'ಮನುಷ್ಯರು ಸೇವಿಸಬಾರದು'. ಒಳಗಿರುವುದು ಅಮಲೇರಿಸುವ ಡ್ರಗ್; ಇದನ್ನು ಯಾರೂ ಸ್ನಾನದ ನೀರಿಗೂ ಹಾಕುವುದಿಲ್ಲ, ಗಿಡಕ್ಕೂ ಹಾಕುವುದಿಲ್ಲ. ಅದು ಮಾರುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ಆ ಸಣ್ಣಕ್ಷರದ ಸಾಲು ಇರುವುದು ಕಾನೂನಿನ ಕಣ್ಣಿಗೆ ಮಣ್ಣೆರಚಲಿಕ್ಕೆ.

ಒಳಗಿನ ಪುಡಿ ಹೆಚ್ಚಾಗಿ ಕ್ಯಾಥಿನೋನ್ ಬಳಗದ್ದು. ಪೂರ್ವ ಆಫ್ರಿಕಾ ಮತ್ತು ಯೆಮೆನ್‌ನಲ್ಲಿ ಜನ ತಲೆತಲಾಂತರದಿಂದ ಖಾತ್ ಗಿಡದ ಹಸಿ ಎಲೆ ಜಗಿಯುತ್ತಾರೆ. ಆ ಎಲೆಯ ಚುರುಕಿಗೆ ಕಾರಣ ಕ್ಯಾಥಿನೋನ್. ಅದರ ಅಣುವನ್ನು ಇಲ್ಲಿಷ್ಟು, ಅಲ್ಲಿಷ್ಟು ತಿದ್ದಿದರೆ ಹೊಸ ಡ್ರಗ್ ಸಿದ್ಧ. ಈ ಬಳಗದ ಮೆಫೆಡ್ರೋನ್ ಎಂಬ ಡ್ರಗ್ ತಯಾರಾಗಿದ್ದು 1929ರಲ್ಲೇ. ಎಷ್ಟೋ ದಶಕ ಮೂಲೆಯಲ್ಲಿದ್ದು, 2000ರ ನಂತರ ಬೀದಿಗೆ ಬಂತು. ಬ್ರಿಟನ್ 2010ರ ಏಪ್ರಿಲ್‌ನಲ್ಲಿ ಅದನ್ನು ನಿಷೇಧಿಸಿತು. ಜುಲೈ ಹೊತ್ತಿಗೆ ಅದರ ನೆಂಟ ನ್ಯಾಫಿರೋನನ್ನೂ ನಿಷೇಧಿಸಬೇಕಾಯಿತು!

ಮಿದುಳಿನ ನರಕೋಶಗಳು ಡೋಪಮೈನ್ ಎಂಬ, ಖುಷಿ-ಹುರುಪಿಗೆ ಸಂಬಂಧಿಸಿದ ರಾಸಾಯನಿಕ ಬಿಡುತ್ತವೆ, ಕೆಲಸವಾದ ಮೇಲೆ ಅದನ್ನು ಪುಟ್ಟ ಪಂಪುಗಳಿಂದ ವಾಪಸ್ ಎಳೆದುಕೊಳ್ಳುತ್ತವೆ. ಇದೇ ಬಳಗದ ಎಂಡಿಪಿವಿ ಎಂಬ ಡ್ರಗ್ ಆ ಪಂಪಿಗೇ ಅಡ್ಡ ಕೂರುತ್ತದೆ, ಬಚ್ಚಲ ತೂಬಿಗೆ ಬಟ್ಟೆ ತುರುಕಿದ ಹಾಗೆ. ಕೊಕೇನ್ ಮಾಡುವುದೂ ಇದನ್ನೇ. ಆದರೆ ಇಲಿಗಳ ಮೇಲಿನ ಪ್ರಯೋಗದಲ್ಲಿ ಎಂಡಿಪಿವಿ ಅದಕ್ಕಿಂತ ಸುಮಾರು 10 ಪಟ್ಟು ಜೋರಾಗಿತ್ತು. ಮೆಫೆಡ್ರೋನ್ ಇನ್ನೂ ಕಿಲಾಡಿ, ಪಂಪನ್ನೇ ಉಲ್ಟಾ ಓಡಿಸುತ್ತದೆ. ಅದರ ಅಮಲು ಬೇಗ ಇಳಿಯುತ್ತದೆ, ಇಳಿದ ಕೂಡಲೇ ಮತ್ತೆ ಬೇಕೆನಿಸುತ್ತದೆ. ಹಾಗಾಗಿ ಒಂದೇ ರಾತ್ರಿ ಮತ್ತೆ ಮತ್ತೆ ತೆಗೆದುಕೊಳ್ಳುವವರೇ ಜಾಸ್ತಿ.

ಅಷ್ಟರಲ್ಲಿ ಎದೆ ನಗಾರಿಯಾಗಿರುತ್ತದೆ, ರಕ್ತದೊತ್ತಡ ಏರಿರುತ್ತದೆ. ಯಾರೋ ಹಿಂದೆ ಬಿದ್ದಿದ್ದಾರೆ ಎಂಬ ಭ್ರಮೆ ಹತ್ತುತ್ತದೆ. ನನಗೆ ಇದೆಲ್ಲಕ್ಕಿಂತ ಭಯ ಹುಟ್ಟಿಸುವುದು ಮೈ ಕಾವು. ಅದು ಕೆಲವರಲ್ಲಿ 41 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬಿಡುವಿಲ್ಲದೆ ಒದ್ದಾಡಿದ ಸ್ನಾಯುಗಳು ಒಡೆದು, ಅವುಗಳೊಳಗಿನ ಪ್ರೋಟೀನ್ ರಕ್ತಕ್ಕೆ ಸೇರಿ, ಮೂತ್ರಪಿಂಡಕ್ಕೆ ಕುತ್ತು ತರುತ್ತದೆ.

ಕಟ್ಟುಕತೆಗಳೂ ಇವೆ ಅನ್ನಿ. 2012ರಲ್ಲಿ ಮಯಾಮಿಯಲ್ಲಿ ಒಬ್ಬ ಇನ್ನೊಬ್ಬನ ಮುಖ ಕಚ್ಚಿ ತಿಂದಾಗ, ಬಾತ್ ಸಾಲ್ಟ್‌ನದೇ ಕೆಲಸ ಎಂದು ಜಗತ್ತೆಲ್ಲ ಸುದ್ದಿಯಾಯಿತು. ಪರೀಕ್ಷೆಯಲ್ಲಿ ಅವನ ಮೈಯಲ್ಲಿ ಸಿಕ್ಕಿದ್ದು ಗಾಂಜಾ ಮಾತ್ರ.

ಈ ಡ್ರಗ್‌ಗಳಿಗೆ ಪ್ರತಿಮದ್ದಿಲ್ಲ. ಆಸ್ಪತ್ರೆಯಲ್ಲಿ ನಿದ್ರೆ ಬರಿಸುವ ಔಷಧ ಕೊಟ್ಟು ರೋಗಿಯನ್ನು ಶಾಂತಗೊಳಿಸುತ್ತಾರೆ, ಮೈ ತಣಿಸುತ್ತಾರೆ, ಡ್ರಿಪ್ ಹಾಕುತ್ತಾರೆ. ಮಾಮೂಲಿ ಮೂತ್ರ ಪರೀಕ್ಷೆಗೆ ಇವುಗಳಲ್ಲಿ ಹೆಚ್ಚಿನವು ಸಿಕ್ಕುವುದೇ ಇಲ್ಲ. ಜೊತೆಗೆ ಬಂದವರು ಖಾಲಿ ಪೊಟ್ಟಣ ತಂದು ತೋರಿಸಿದರೂ ವೈದ್ಯರಿಗೆ ಪೂರ್ತಿ ತಿಳಿಯದು. ಅದೇ ಹೆಸರಿನ ಪೊಟ್ಟಣದಲ್ಲಿ ಕಳೆದ ವಾರ ಇದ್ದ ಪುಡಿಯೇ ಬೇರೆ ಇರಬಹುದು.