ಹಿಂಗಾಲಿನ ಗಂಟು ಹೇಳಿದ ಲೆಕ್ಕ

ಕೊಡಗಿನ ಕಕ್ಕಡ ತಿಂಗಳ ಜಡಿಮಳೆ. ಹಸು ಹಾಲು ಕಡಿಮೆ ಮಾಡಿದೆ ಎಂಬ ಕರೆ ಬಂದು ವಿರಾಜಪೇಟೆ ಕಡೆಯ ಒಂದು ಮನೆಗೆ ಹೋಗಿದ್ದೆ. ಮನೆಯ ಹಿರಿಯರು ಮೊದಲು ತೋರಿಸಿದ್ದು ಕೊಟ್ಟಿಗೆಯ ಹೊಸ ಸಿಮೆಂಟ್ ನೆಲವನ್ನು. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ತಪ್ಪದೆ ಬಿದ್ದಿತ್ತು. ಕಾಗದದಲ್ಲಿ ನೋಡಿದರೆ ಪೂರ್ಣ ಅಂಕ ಕೊಡಬೇಕಾದ ಕೊಟ್ಟಿಗೆ. ಹಸುವಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ನೋಡಿದೆ: ಎರಡೂ ಹಿಂಗಾಲಿನ ಗಂಟಿನ ಹೊರಬದಿಯಲ್ಲಿ ಕೂದಲು ಉದುರಿ ನಿಂಬೆಹಣ್ಣಿನ ಗಾತ್ರದ ಬಾವು.

"ಡಾಕ್ಟರೇ, ಇದು ರಾತ್ರಿಯೆಲ್ಲ ನಿಂತೇ ಇರುತ್ತದೆ" ಎಂದರು ಹಾಲು ಕರೆಯುವ ಸೊಸೆ. ನಾನು ಬರುವ ಮೊದಲೇ ಅರ್ಧ ಪರೀಕ್ಷೆ ಮುಗಿದಿತ್ತು.

ಕರೆಯುವ ಹಸು ದಿನಕ್ಕೆ ಹತ್ತು ಹನ್ನೆರಡು ಗಂಟೆ ಮಲಗಬೇಕು. ಒದ್ದೆ ಸಿಮೆಂಟಿನ ಮೇಲೆ ಮಲಗಿದರೆ ಗಂಟು ಉಜ್ಜುತ್ತದೆ, ನೋವಿಗೆ ಹೆದರಿ ಅದು ನಿಲ್ಲುತ್ತದೆ. ಹಿಂದೆ ಇಲ್ಲಿ ಕೊಟ್ಟಿಗೆಗೆ ಸೊಪ್ಪು, ತರಗೆಲೆ ಹಾಸುತ್ತಿದ್ದರು. ಗೊಬ್ಬರಕ್ಕೆಂದು ಹಾಸಿದ್ದೇ ಹಸುವಿಗೆ ಹಾಸಿಗೆಯಾಗುತ್ತಿತ್ತು.

ಪ್ರಾಣಿಗಳ ಸ್ಥಿತಿ ಸುಧಾರಿಸಿದೆಯೇ ಎಂದು ಯಾರಾದರೂ ಕೇಳಿದರೆ ನಾವು ವೈದ್ಯರು ಶಿಬಿರಗಳನ್ನು, ಡೋಸುಗಳನ್ನು ಎಣಿಸಿ ಹೇಳುತ್ತೇವೆ. ಅದು ನಮ್ಮ ದುಡಿಮೆಯ ಲೆಕ್ಕ. ಸಾಕಣೆಯ ಪ್ರಾಣಿಗಳ ಪಾಡನ್ನು ಪರಿಶೀಲಿಸಿದ ಬ್ರಿಟನ್ನಿನ ಬ್ರಾಂಬೆಲ್ ಸಮಿತಿ 1965ರಲ್ಲೇ, ಸಾಕುಪ್ರಾಣಿಗೆ ಏಳಲು, ಮಲಗಲು, ತಿರುಗಲು, ಮೈ ನೆಕ್ಕಿಕೊಳ್ಳಲು, ಕಾಲು ಚಾಚಲು ಆಗಬೇಕು ಎಂದಿತ್ತು. ಆಗುತ್ತಿದೆಯೇ ಎಂಬುದನ್ನು ಪ್ರಾಣಿಯ ಮೈಯಲ್ಲೇ ಓದಬೇಕು. ಹಾಗಾಗಿ ನನ್ನ ಪುಸ್ತಕದಲ್ಲಿ ಈಗ ಬೇರೆ ಕಾಲಂಗಳಿವೆ: ಮೈಕಟ್ಟಿಗೆ 1ರಿಂದ 5ರವರೆಗಿನ ಅಂಕ, ಕುಂಟು, ಗಂಟಿನ ಗಾಯ. ಇನ್ನೊಂದು ನನಗೆ ಬಲು ಇಷ್ಟ. ಗೋದಲಿಯ ಎದುರಿನಿಂದ ಕೈ ಚಾಚಿ ನಿಧಾನವಾಗಿ ನಡೆಯುತ್ತೇನೆ. ಹಸು ತಲೆ ಹಿಂದೆಳೆದ ಕ್ಷಣ ಕೈಗೂ ಮೂತಿಗೂ ಎಷ್ಟು ಅಂತರವಿತ್ತೆಂದು ಬರೆದುಕೊಳ್ಳುತ್ತೇನೆ. ಹೊಡೆತ ತಿಂದು ಬೆಳೆದದ್ದು ದೂರದಲ್ಲೇ ಹಿಂಜರಿಯುತ್ತದೆ. ಹೊಸಬರನ್ನು ಕಂಡರೆ ಬೆದರುವ ಹಸುಗಳೂ ಇರುವುದರಿಂದ ಒಂದೇ ದಿನದ ಅಳತೆಯನ್ನು ನಂಬುವುದಿಲ್ಲ.

ಬೀದಿನಾಯಿಗಳದ್ದೂ ಇದೇ ಕಥೆ. ಎಷ್ಟು ಸಂತಾನಹರಣ ಶಸ್ತ್ರಚಿಕಿತ್ಸೆಯಾಯಿತು ಎನ್ನುವುದಕ್ಕಿಂತ, ಅದೇ ರಸ್ತೆಯಲ್ಲಿ ಅದೇ ಹೊತ್ತಿಗೆ ಶಸ್ತ್ರಚಿಕಿತ್ಸೆಯಾದ ಕಿವಿಗುರುತಿನ ನಾಯಿಗಳೆಷ್ಟು, ಮರಿಗೆ ಹಾಲೂಡುವ ಹೆಣ್ಣುಗಳೆಷ್ಟು ಎಂದು ಎಣಿಸುವುದು ಮೇಲು. ಹಿಂಸೆಯ ದೂರುಗಳು ಹೆಚ್ಚಾದರೆ ಹಿಂಸೆಯೇ ಹೆಚ್ಚಿತೆಂದೂ ಅಲ್ಲ; ಜನ ಬಾಯಿ ಬಿಡಲು ಶುರು ಮಾಡಿರಬಹುದು. (1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ ಮೊದಲ ತಪ್ಪಿಗೆ ದಂಡ ಹೆಚ್ಚೆಂದರೆ 50 ರೂಪಾಯಿ. ಆದರೂ ದೂರು ಕೊಡುವವರಿದ್ದಾರಲ್ಲ!)

ಮೂರು ವಾರದ ಮೇಲೆ ಅದೇ ದಾರಿಯಲ್ಲಿ ಹೋಗುವಾಗ ಆ ಕೊಟ್ಟಿಗೆಗೆ ಇಣುಕಿದೆ. ಸಿಮೆಂಟಿನ ಮೇಲೆ ರಬ್ಬರ್ ಮ್ಯಾಟ್, ಅದರ ಮೇಲೆ ಅಟ್ಟದಿಂದ ಇಳಿಸಿದ ಭತ್ತದ ಹುಲ್ಲು. ಬಾವು ಪೂರ್ತಿ ಇಳಿದಿರಲಿಲ್ಲ. ಹಸು ಮಲಗಿ ಮೆಲುಕು ಹಾಕುತ್ತಿತ್ತು. ನನ್ನನ್ನು ಕಂಡೂ ಏಳಲಿಲ್ಲ.